ಅಕ್ಕನಿಗೆ ಎತ್ತದ ಆರತಿ

ನಮ್ಮೂರಿಗೆ ಮಹಿಳಾ ಸಮಾಜ ಬಂದದ್ದು ಹಾಲಿನ ಪುಡಿಯ ದೆಸೆಯಿಂದ. ಬರಿಗೈಯಲ್ಲಿ ಬಂದಿದ್ದರೆ ಗಂಡಸರು ಅದನ್ನು ಚಾವಡಿಯ ಮೆಟ್ಟಿಲು ಹತ್ತಗೊಡುತ್ತಿರಲಿಲ್ಲ. ಶಿಕಾರಿಪುರದ ಬ್ಲಾಕ್ ಆಫೀಸಿನಿಂದ ವಾರಕ್ಕೊಮ್ಮೆ ಗ್ರಾಮಸೇವಿಕೆ ಬರುತ್ತಾಳೆ, ಮಕ್ಕಳಿಗೆ ಹಾಲಿನ ಪುಡಿ ಹಂಚುತ್ತಾಳೆ, ಹೊಲಿಗೆ ಮಷೀನೂ ಒಂದು ಬರುತ್ತದೆ ಎಂದಾಗ, "ಆಗ್ಲಿ ಬಿಡ್ರಿ, ಹೆಣ್ಮಕ್ಕಳು ಮಧ್ಯಾಹ್ನ ಬಾವಿಕಟ್ಟಿ ಮ್ಯಾಲೆ ಜಗಳ ಆಡೋದಾದ್ರೂ ತಪ್ಪತೈತಿ" ಎಂದು ಹಿರಿಯರು ಒಪ್ಪಿದರು. ಚಾವಡಿಯ ಮಗ್ಗುಲ ಕೋಣೆ ಖಾಲಿ ಇತ್ತು. ಅದರೊಳಗಿನ ಹಳೆಯ ನೇಗಿಲು, ಕುಂಟೆಗಳನ್ನು ಹೊರಗೆಸೆದು ಸಗಣಿ ಸಾರಿಸಿದ ದಿನ ನಾನೂ ಇದ್ದೆ. ಐವತ್ತರ ದಶಕದ ಕೊನೆಯ ವರ್ಷಗಳು. ತೊಗರ್ಸಿಯಿಂದ ಹರದಾರಿ ದೂರದ ಊರು ನಮ್ಮದು. ನನಗಾಗ ಒಂಬತ್ತೋ ಹತ್ತೋ ವಯಸ್ಸು.

ಗ್ರಾಮಸೇವಿಕೆ ತುಮಕೂರು ಕಡೆಯವರು. ಇಪ್ಪತ್ಮೂರು, ಇಪ್ಪತ್ನಾಲ್ಕು ಇರಬಹುದು. ಖಾದಿ ಸೀರೆ, ಕಾಲಿಗೆ ಚಪ್ಪಲಿ, ಕೊರಳಲ್ಲಿ ತಾಳಿ ಇಲ್ಲ. ನಾವೆಲ್ಲ ಸೇವಿಕಮ್ಮ ಎನ್ನುತ್ತಿದ್ದೆವು. "ಮದುವಿ ಆಗದಾಕಿ ಬಂದು ನಮಗ ಬಸಿರಿನ ಪಾಠ ಹೇಳ್ತಾಳ. ಈಜು ಬರದಾಂವ ಕೆರಿ ಆಳ ಹೇಳಿದಂಗಾತು" ಎಂದು ಮೊದಮೊದಲು ಹೆಂಗಸರು ಬಾಯಿಗೆ ಸೆರಗಿಟ್ಟು ನಗುತ್ತಿದ್ದರು. ಅವರಿಗೂ ಅದು ಕೇಳಿಸುತ್ತಿತ್ತು. ಕೇಳಿಸದವರ ಹಾಗೆ ನುಗ್ಗೆಸೊಪ್ಪಿನ ಗುಣ ಹೇಳುತ್ತಿದ್ದರು, ಬೆಲ್ಲದ ಗುಣ ಹೇಳುತ್ತಿದ್ದರು, ಬೆಳೆಯುವ ಹೆಣ್ಣುಮಕ್ಕಳಿಗೆ ಗಂಡಸರು ಉಂಡು ಮಿಕ್ಕಿದ್ದನ್ನು ಹಾಕಬೇಡಿ ಎನ್ನುತ್ತಿದ್ದರು. ಒಂದು ದಿನ ಮುಟ್ಟಿನ ಬಟ್ಟೆಯನ್ನು ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಒಣಗಿಸಬೇಕು ಎಂದರು. ಹೆಂಗಸರು ಒಬ್ಬರಿಗೊಬ್ಬರು ಮೊಣಕೈ ತಿವಿದರು. ಆಮೇಲೆ ಯಾರೋ, "ಬಿಸಲಿಗೆ? ಹಂಗಾರ ಚಾವಡಿ ಮ್ಯಾಲೆ ಬಾವುಟ ಮಾಡಿ ಹಾರಿಸಿಬಿಡ್ರಿ ಸೇವಿಕಮ್ಮ" ಎಂದರು. ನಕ್ಕು ನಕ್ಕು ಎಲ್ಲರ ಕಣ್ಣಲ್ಲಿ ನೀರು. ಸೇವಿಕಮ್ಮನೂ ನಕ್ಕರು. ಅವತ್ತಿನಿಂದ ಅವರು ನಮ್ಮವರಾದರು.

ನನ್ನ ಅಕ್ಕ ಆ ಕೋಣೆಗೆ ಎಲ್ಲರಿಗಿಂತ ಮೊದಲು ಹೋಗಿ ಕೂರುತ್ತಿದ್ದಳು. ಹೊಲಿಗೆ ಮಷೀನಿನ ಹಿಡಿ ತಿರುಗಿಸುವ ಆಸೆ. ನನಗಿಂತ ನಾಲ್ಕು ವರ್ಷ ದೊಡ್ಡವಳು, ಆದರೂ ನನ್ನ ಜೊತೆ ಕುಂಟಾಬಿಲ್ಲೆ ಆಡುವಾಗ ಮೋಸ ಮಾಡುತ್ತಿದ್ದಳು. ನಾನು ಹುಟ್ಟಾ ಸಿಡುಕಿ. ಅವಳ ಜಡೆ ಹಿಡಿದೆಳೆದರೆ ಅವಳು ಹೊಡೆಯದೆ ನಗುತ್ತಿದ್ದಳು, ಅದಕ್ಕೆ ನನಗೆ ಇನ್ನೂ ಸಿಟ್ಟು ಬರುತ್ತಿತ್ತು.

ಅವಳ ಮದುವೆ ಹನ್ನೊಂದನೆಯ ವಯಸ್ಸಿಗೇ ಆಗಿಹೋಗಿತ್ತು. ಚಿಕ್ಕಪ್ಪನ ಮದುವೆಗೆ ಹಾಕಿದ ಚಪ್ಪರದಲ್ಲೇ ಇವಳದನ್ನೂ ಮುಗಿಸಿದ್ದರು. ಗಂಡು ಸೊರಬದ ಆಚೆ, ಚಂದ್ರಗುತ್ತಿಗೆ ಹೋಗುವ ದಾರಿಯ ಊರಿನವ. ಹೊಲ ಗದ್ದೆ ಇದ್ದ ಮನೆ. ನಮ್ಮ ಕಡೆ ಆಗ ಹೀಗೆ ಆದ ಮದುವೆ ಎಂದರೆ ಅರ್ಧ ಮದುವೆ. ಹುಡುಗಿ ತವರಲ್ಲೇ ಇರುತ್ತಾಳೆ. ಅವಳು ದೊಡ್ಡವಳಾದ ದಿನ ಊರಿಗೆಲ್ಲ ಹೇಳಿ, ಗಂಡನ ಮನೆಗೆ ಆಳು ಕಳಿಸಿ, ಮಣೆಯ ಮೇಲೆ ಕೂರಿಸಿ ಆರತಿ ಎತ್ತುತ್ತಾರೆ. ಅಲ್ಲಿಂದ ತಿಂಗಳೊಪ್ಪತ್ತಿನಲ್ಲಿ ಪ್ರಸ್ಥ ಮಾಡಿ ಗಂಡನ ಮನೆಗೆ ಕಳಿಸುವುದು. ಆರತಿಯಾದ ಮೇಲೆ ಪ್ರಸ್ಥವಾಗುವವರೆಗೆ ಹುಡುಗಿ ಗಂಡನ ಮನೆಯ ಹೊಸ್ತಿಲು ತುಳಿಯಬಾರದು. ಆದರೆ ಆರತಿಗೆ ಮುಂಚೆ ಅವಳಿನ್ನೂ ಕೂಸು. ಹಬ್ಬಕ್ಕೆ ಹುಣ್ಣಿಮೆಗೆ ಹೋಗಿ, ಅತ್ತೆಯ ಮಗ್ಗುಲಲ್ಲಿ ಮಲಗಿ, ಹೊಸ ಬಳೆ ಇಟ್ಟುಕೊಂಡು ಬರಬಹುದು. ಯಾರೂ ಏನೂ ಅನ್ನುವುದಿಲ್ಲ. ನಮ್ಮ ಮನೆ ಮುರಿದದ್ದು ಈ ಸಂದಿನಲ್ಲಿ. ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಒಂದು ಗುರುವಾರ ಸೇವಿಕಮ್ಮ ಎಳೆಯ ಬಸಿರಿನ ವಿಷಯ ಎತ್ತಿದರು. ಹದಿಮೂರು, ಹದಿನಾಲ್ಕಕ್ಕೆ ಹೆಣ್ಣು ದೊಡ್ಡವಳಾದರೂ ಸೊಂಟದ ಎಲುಬು ಬಲಿತಿರುವುದಿಲ್ಲ, ಹದಿನೆಂಟಾದರೂ ಆಗಲಿ, ಅಲ್ಲಿಯತನಕ ಗಂಡನ ಮನೆಗೆ ಕಳಿಸಬೇಡಿ ಎಂದರು. ಪದ್ಧತಿ, ಶಾಸ್ತ್ರ ಎಂದು ಒಬ್ಬೊಬ್ಬರೇ ಗೊಣಗಲು ಶುರು ಮಾಡಿದಾಗ ಅವರು ಕೇಳಿದರು: "ನೀವು ಎರಡು ಹಲ್ಲು ಹಾಕದ ಕಡಸನ್ನ ಹೋರಿಗೆ ಬಿಡ್ತೀರಾ?"

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ನನ್ನಜ್ಜಿಯ ಕೈ ನಿಂತಿತು. ಅಜ್ಜಿ ಅಪ್ಪನ ತಾಯಿ. ಊರಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ಅವಳು ಹದಿಮೂರಕ್ಕೆ ಹಡೆದು, ಆ ಕೂಸನ್ನು ಅದೇ ವಾರ ಮಣ್ಣಿಗೆ ಕೊಟ್ಟು, ಒಂದು ವರ್ಷ ನೆಟ್ಟಗೆ ನಡೆಯಲಾರದೆ ಹೋಗಿದ್ದಳು ಎಂಬುದು ನನಗೆ ಗೊತ್ತಾದದ್ದೇ ಅವತ್ತು. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳಿ ಮುಗಿಸಿ, "ದನಕ್ಕಿರೋ ನ್ಯಾಯ ನಮಗಿಲ್ಲೇನು?" ಎಂದು ಕೇಳಿ ಮತ್ತೆ ಅಡಿಕೆ ಕುಟ್ಟತೊಡಗಿದಳು.

ಇದಾಗಿ ಸ್ವಲ್ಪ ದಿನಕ್ಕೆ ಅಕ್ಕ ದೊಡ್ಡವಳಾದಳು. ಬಣವೆಯ ಹಿಂದೆ ಅಳುತ್ತ ಕೂತಿದ್ದವಳನ್ನು ಮೊದಲು ಕಂಡದ್ದು ಅಜ್ಜಿ. ಅವ್ವ ಗಾಬರಿಯಾಗಿ, "ಅವರಪ್ಪಗ ಹೇಳಿ ಸೊರಬಕ್ಕ ಆಳು ಕಳ್ಸಬೇಕಲ್ರೀ ಅತ್ತಿ" ಎಂದಳು. ಅಜ್ಜಿ ಅವಳ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದಳು. "ಏನಾಗೇತಿ ಅಂತ ಹೇಳ್ತಿ? ಏನೂ ಆಗಿಲ್ಲ. ನಮ್ಮ ಹುಡುಗಿ ಇನ್ನೂ ಸಣ್ಣಾಕಿ. ಗಂಡಸರ ಕಿವಿಗೆ ಬಿತ್ತಂದ್ರ ನಾಳಿಗೇ ಗಾಡಿ ಹೂಡ್ತಾರ."

ಗುರುವಾರ ಸಮಾಜದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಇದರ ಚರ್ಚೆಯಾಯಿತು. ಸೇವಿಕಮ್ಮನಿಗೆ ಸಮಾಧಾನವಿರಲಿಲ್ಲ. "ಅಜ್ಜೀ, ಸುಳ್ಳು ಬೇಡ. ನಾನೇ ಸೊರಬಕ್ಕೆ ಹೋಗಿ ಅವಳ ಅತ್ತೇನ ಕಾಣ್ತೀನಿ. ಹುಡುಗಿ ದೊಡ್ಡೋಳಾಗಿದಾಳೆ, ಇನ್ನು ನಾಲ್ಕೈದು ವರ್ಷ ತವರಲ್ಲೇ ಇರ್ಲಿ ಅಂತ ಕೇಳ್ತೀನಿ. ಅವರೂ ಹೆಂಗಸಲ್ವಾ?"

"ನೀ ಕೇಳಿದ್ರ ಸರಕಾರ ಕೇಳಿದಂಗಾತು ತಾಯಿ. ಹಟಕ್ಕರ ಕರ್ಕೊಂಡು ಹೋಗ್ತಾರ. ಈ ವಿದ್ಯಾ ನಿಂಗ ತಿಳಿಯಾಂಗಿಲ್ಲ" ಎಂದಳು ಅಜ್ಜಿ. ಉಳಿದ ಹೆಂಗಸರೂ ಹೌದೆಂದರು. ಆ ಮಂದಿಯನ್ನು ಮೀರಿ ನಡೆಯುವ ಧೈರ್ಯ ಹೊಸದಾಗಿ ಬಂದ ಹುಡುಗಿಗೆ ಎಲ್ಲಿಂದ ಬರಬೇಕು? ಸೇವಿಕಮ್ಮ ಸೊರಬಕ್ಕೆ ಹೋಗುವ ಮಾತು ಬಿಟ್ಟರು.

ಕೋಳಿ ಮೊಟ್ಟೆ ಇಟ್ಟರೆ ಮೂರು ಓಣಿಗೆ ಸುದ್ದಿಯಾಗುವ ಊರು ನಮ್ಮದು. ಅಲ್ಲಿ ಆರೇಳು ಹೆಂಗಸರು ಈ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡರು. ಅತ್ತೆ ಸೊಸೆ ಜಗಳವಾಡುವಾಗಲೂ ಬಾಯಿ ಬಿಡಲಿಲ್ಲ. ಇದನ್ನು ನೆನೆದರೆ ನನಗೆ ಇವತ್ತಿಗೂ ಅವರ ಮೇಲೆ ಪ್ರೀತಿ ಉಕ್ಕುತ್ತದೆ. ಮಕ್ಕಳಾದ ನಮಗೂ ಗೊತ್ತಿತ್ತು. ನಾವೂ ಹೇಳಲಿಲ್ಲ. ಅಕ್ಕನ ಪಾಡು ಮಾತ್ರ ಕಷ್ಟದ್ದು. ಬೇರೆ ಹೆಂಗಸರು ಆ ಮೂರು ದಿನ ಹಿತ್ತಲಲ್ಲಿ ಕೂತು ಸೊಂಟ ನೀಡಿಕೊಂಡರೆ, ಇವಳು ಅಪ್ಪನ ಕಣ್ಣೆದುರು ಓಡಾಡಲೇಬೇಕು. ಕೊಡ ಹೊತ್ತು ನೀರು ತರಬೇಕು. ಬಟ್ಟೆಯನ್ನು ಕೊಟ್ಟಿಗೆಯ ಕತ್ತಲಲ್ಲಿ ಹುಲ್ಲಿನ ಅಡಿ ಒಣಗಿಸಬೇಕು. ಸೇವಿಕಮ್ಮನ ಬಿಸಿಲಿನ ಪಾಠ ಅವಳ ಪಾಲಿಗೆ ಬರಲೇ ಇಲ್ಲ.

ಆದರೂ ಆ ಕಾಲ ಒಳ್ಳೆಯದಾಗಿತ್ತು. ಅಕ್ಕ ನೋಡನೋಡುತ್ತ ಎತ್ತರವಾದಳು. ಹೊಲಿಗೆ ಕಲಿತಳು. ನನಗೊಂದು ರವಿಕೆ ಹೊಲಿದಳು, ಒಂದು ತೋಳು ಬಿಗಿ, ಒಂದು ತೋಳು ಸಡಿಲ. ನಾನು ಅದನ್ನು ಹಾಕಿಕೊಳ್ಳುವುದಿಲ್ಲ ಎಂದು ರಂಪ ಮಾಡಿ, ಆಮೇಲೆ ಹರಿಯುವವರೆಗೆ ಅದನ್ನೇ ಹಾಕಿಕೊಂಡೆ. ಒಮ್ಮೆ ಅಕ್ಕನ ಸೊರಬದ ಅತ್ತೆ ಯಾರದೋ ಮದುವೆಗೆ ಬಂದವರು ನಮ್ಮನೆಗೂ ಬಂದರು. ದಪ್ಪನೆ, ಕೆಂಪನೆ, ಗಟ್ಟಿ ಗಂಟಲಿನ ಹೆಂಗಸು. ಅಕ್ಕನನ್ನು ಮೇಲಿನಿಂದ ಕೆಳಗೆ ನೋಡಿ, "ಇನ್ನೂ ಆಗ್ಲಿಲ್ವೇನೆ ಮಾರಾಯ್ತಿ? ನಮ್ ಊರಗೆ ಒಂದು ಕಷಾಯ ಐತೆ, ಕಳಿಸ್ತೀನಿ" ಎಂದರು. ಅಜ್ಜಿ ಮುಖ ಸಣ್ಣದು ಮಾಡಿಕೊಂಡು, "ಏನ್ ಮಾಡೋದವ್ವಾ, ನಮ್ಮ ಮನಿತನದಾಗ ಹೆಣ್ಣು ತಡಾನೇ" ಎಂದಳು. ನಾಟಕದವರು ಬಂದು ಅವಳಿಂದ ಕಲಿಯಬೇಕಿತ್ತು. ಕಷಾಯದ ಬೇರು ಬಂತು, ಅದನ್ನು ಎಮ್ಮೆಗೆ ಹಾಕಿದೆವು, ಅಕ್ಕ ಬಿದ್ದು ಬಿದ್ದು ನಕ್ಕಳು.

ಭೂಮಿ ಹುಣ್ಣಿಮೆ ಹತ್ತಿರ ಬಂತು. ಸೊರಬದ ಕಡೆ ಅದು ದೊಡ್ಡ ಹಬ್ಬ. ಗದ್ದೆಯ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಭೂಮಿತಾಯಿ ಬಸುರಿ ಎಂದು ಅವಳಿಗೆ ಬಯಕೆಯ ಊಟ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ ಗದ್ದೆಗೆ ಬೀರುತ್ತಾರೆ. ಸೊಸೆಯಂದಿರು ಬರಬೇಕೆಂದು ಆ ಕಡೆಯವರಿಗೆ ಆಸೆ. ಹಿಂದಿನ ವರ್ಷ ಕರೆ ಬಂದಾಗ ಜ್ವರ ಎಂದು ಹೇಳಿ ತಪ್ಪಿಸಿದ್ದರು. ಈ ಸಲ ಅತ್ತೆ ತಾವೇ ಗಾಡಿ ಹೂಡಿಸಿಕೊಂಡು ಬಂದುಬಿಟ್ಟರು.

ಸೇವಿಕಮ್ಮ ಆ ವಾರ ತರಬೇತಿಗೆಂದು ಶಿವಮೊಗ್ಗಕ್ಕೆ ಹೋಗಿದ್ದರು. ಅಪ್ಪ ಜಗಲಿಯ ಮೇಲೆ ಬೀಗ್ತಿಗೆ ಬೆಲ್ಲ ನೀರು ಕೊಡಿಸಿ, "ಅದಕ್ಕೇನ್ರಿ, ಸಣ್ಣ ಹುಡುಗಿ, ಹೋಗಿ ಬರ್ಲಿ. ನಿಮ್ಮನಿ ಸೊಸಿ" ಎಂದ. ಅಪ್ಪನದೇನೂ ತಪ್ಪಿರಲಿಲ್ಲ. ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಒಳಗೆ ಅಡುಗೆಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು. ಬೇಡ ಎನ್ನಲು ಕಾರಣ ಬೇಕು. ಇದ್ದ ಕಾರಣ ಒಂದೇ, ಅದನ್ನು ಹೇಳಿದರೆ ಹುಣ್ಣಿಮೆಗಲ್ಲ, ಪ್ರಸ್ಥಕ್ಕೇ ಕರೆದೊಯ್ಯುತ್ತಾರೆ. ಅವ್ವ ಹೊಸ್ತಿಲವರೆಗೂ ಹೋದಳು, ಬಾಯಿ ತೆರೆದಳು. ಅಜ್ಜಿ ಹಿಂದಿನಿಂದ ಅವಳ ಸೆರಗು ಜಗ್ಗಿದಳು. ಅವ್ವ ಒಳಗೆ ಸರಿದಳು.

ಅಕ್ಕನಿಗೆ ಅಷ್ಟೇನೂ ಹೆದರಿಕೆ ಇರಲಿಲ್ಲ. ಚಿತ್ತಾರದ ಬುಟ್ಟಿ ನೋಡುವ ಆಸೆ ಇತ್ತು. "ಅತ್ತಿ ಮಗ್ಗಲಾ ಬಿಟ್ಟು ಮಲಗಬ್ಯಾಡ" ಎಂದು ಅಜ್ಜಿ ಅವಳ ಕಿವಿಯಲ್ಲಿ ಮೂರು ಸಲ ಹೇಳಿದಳು. ನಾನೂ ಹೋಗುತ್ತೇನೆಂದು ಗಾಡಿಯ ಹಿಂದೆ ಓಡಿ, ಬಿದ್ದು, ಮೊಣಕಾಲು ತರಚಿಕೊಂಡು ಬೈಸಿಕೊಂಡೆ.

ಹಬ್ಬಕ್ಕೆಂದು ಹೋದವಳನ್ನು ಅವರು ದೀಪಾವಳಿ ಕಳೆದ ಮೇಲೆ ಕಳಿಸಿದರು. ಕೈತುಂಬ ಹಸಿರು ಬಳೆ ಇದ್ದವು. ಬುಟ್ಟಿ ಹೇಗಿತ್ತೇ ಎಂದು ಕೇಳಿದೆ. "ಚಂದಿತ್ತು" ಎಂದಳು, ಅಷ್ಟೇ. ಕುಂಟಾಬಿಲ್ಲೆಗೆ ಬರಲಿಲ್ಲ. ಜಡೆ ಎಳೆದೆ, ನಗಲಿಲ್ಲ. ಗುರುವಾರ ಸಮಾಜಕ್ಕೆ ಹೋಗಿ ಮಷೀನಿನ ಮುಂದೆ ಕೂತಳು, ಹಿಡಿ ತಿರುಗಿಸದೆ ಕೂತೇ ಇದ್ದಳು. ಅಲ್ಲಿ ಏನಾಯಿತೆಂದು ಅವಳು ಯಾರಿಗೂ ಹೇಳಲಿಲ್ಲ. ಅವ್ವ ಕೇಳಿದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಎರಡು ತಿಂಗಳಿಗೆ ಅವಳಿಗೆ ಅನ್ನದ ವಾಸನೆ ಆಗದಾಯಿತು.

ಆ ದಿನ ಅಜ್ಜಿ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ ಸದ್ದು ನಾನು ಕೇಳಿದ್ದೇನೆ.

ಈಗ ಏನೆಂದು ಹೇಳುವುದು? ಊರ ಲೆಕ್ಕದಲ್ಲಿ ಅಕ್ಕ ಇನ್ನೂ ದೊಡ್ಡವಳಾಗಿಲ್ಲ. ಆರತಿ ಇಲ್ಲ, ಪ್ರಸ್ಥ ಇಲ್ಲ, ಆದರೆ ಬಸಿರು. ಪ್ರಸ್ಥವಾದ ಹುಡುಗಿಗೆ ಹದಿನೈದಕ್ಕೆ ಹೊಟ್ಟೆ ಬಂದಿದ್ದರೆ ಅದೇ ಊರು ಕೋಸಂಬರಿ ಹಂಚಿ ಹಾಡು ಹೇಳುತ್ತಿತ್ತು. ಅಪ್ಪನಿಗೆ ಹೇಳಲೇಬೇಕಾಯಿತು. ಅವನು ಕೂಗಾಡಲಿಲ್ಲ. ತನ್ನ ತಾಯಿ, ತನ್ನ ಹೆಂಡತಿ, ಓಣಿಯ ಹೆಂಗಸರು, ಕಡೆಗೆ ನನ್ನಂಥ ಚಿಳ್ಳೆಪಿಳ್ಳೆಗೂ ಗೊತ್ತಿದ್ದದ್ದು ತನಗೊಬ್ಬನಿಗೆ ಗೊತ್ತಿರಲಿಲ್ಲ ಎಂಬುದೇ ಅವನನ್ನು ಹೊಡೆದುಹಾಕಿತು. ಅವತ್ತಿನಿಂದ ಅವ್ವನ ಜೊತೆ ಮಾತು ಬಿಟ್ಟ. ಸೊರಬಕ್ಕೆ ಆಳು ಕಳಿಸಿದರೆ ಬಂದ ಉತ್ತರ: "ನಮ್ಮನೆಗೆ ಬಂದಾಗ ಅವಳಿನ್ನೂ ಆಗಿರಲಿಲ್ಲ ಅಂತ ನೀವೇ ಹೇಳಿದ್ರಿ. ನಮ್ಮ ಹುಡುಗನ್ನ ಕೇಳಿದ್ವಿ, ತನಗೇನೂ ಗೊತ್ತಿಲ್ಲ ಅಂತಾನೆ. ನಿಮ್ಮೂರಲ್ಲೇ ವಿಚಾರ ಮಾಡ್ಕಳಿ."

ಭಾವ ಸುಳ್ಳು ಹೇಳಿದ್ದ. ತನ್ನ ಅಪ್ಪನಿಗೆ ಅಷ್ಟು ಹೆದರುವವ. ಕೂಸೆಂದು ಮನೆಗೆ ಬಂದ ಹುಡುಗಿಯ ತಂಟೆಗೆ ಹೋದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಅವಳ ಮಾನವನ್ನು ಬೀದಿಗೆ ಹಾಕುವುದು ಅವನಿಗೆ ಸುಲಭವಾಯಿತು. ನನಗೆ ಆ ಮನುಷ್ಯನ ಮೇಲಿನ ಸಿಟ್ಟು ಇವತ್ತಿಗೂ ಆರಿಲ್ಲ. ಆರಿಸಿಕೊಳ್ಳುವ ಆಸೆಯೂ ನನಗಿಲ್ಲ.

ಸೇವಿಕಮ್ಮ ಸುದ್ದಿ ತಿಳಿದ ಮಾರನೆಯ ದಿನವೇ ಬಸ್ಸು ಹತ್ತಿ ಸೊರಬಕ್ಕೆ ಹೋದರು. ಅಲ್ಲಿಂದ ಆ ಊರಿಗೆ ನಡೆದರು. ಹುಡುಗಿ ದೊಡ್ಡವಳಾಗಿ ವರ್ಷದ ಮೇಲಾಯಿತು, ನಾವೆಲ್ಲ ಸೇರಿ ಮುಚ್ಚಿಟ್ಟಿದ್ದೆವು, ಅವಳ ಒಳ್ಳೆಯದಕ್ಕೆ ಹಾಗೆ ಮಾಡಿದೆವು, ನಿಮ್ಮ ಮಗನನ್ನು ಇನ್ನೊಮ್ಮೆ ಕೇಳಿ ಎಂದು ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಮಾವನಾದವರು ಕೇಳಿಸಿಕೊಂಡು ಒಂದೇ ಮಾತು ಹೇಳಿದರಂತೆ: "ವರ್ಷಾನುಗಟ್ಟಲೆ ಸುಳ್ಳು ಹೇಳಿದೋರು ಇವತ್ತು ನಿಜ ಹೇಳ್ತೀರಿ ಅಂತ ಹೆಂಗೆ ನಂಬಾದು?" ಸೇವಿಕಮ್ಮ ಇದನ್ನು ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದರು. "ನಾನು ಮೊದಲೇ ಹೋಗಬೇಕಿತ್ತು ಕಣ್ರೀ" ಎಂದು ಅವ್ವನ ಕೈ ಹಿಡಿದುಕೊಂಡರು. ಅವ್ವ ಕೈ ಬಿಡಿಸಿಕೊಳ್ಳಲಿಲ್ಲ.

ಅವರು ಹೋಗಿ ಹೇಳಿದ ನಿಜ ತಿರುಗಿ ನಮ್ಮೂರಿಗೂ ಬಂತು. ಹೆಣ್ಮಕ್ಕಳಿಗೆ ಗಂಡಸರ ಬೆನ್ನ ಹಿಂದೆ ಸುಳ್ಳು ಹೇಳಲು ಕಲಿಸುವ ಸಮಾಜ ಎಂದು ಹಿರಿಯರು ಕೋಣೆಗೆ ಬೀಗ ಹಾಕಿದರು. ಹೊಲಿಗೆ ಮಷೀನನ್ನು ಗಾಡಿಯಲ್ಲಿ ಬ್ಲಾಕ್ ಆಫೀಸಿಗೆ ವಾಪಸು ಕಳಿಸಿದರು. ಹಾಲಿನ ಪುಡಿಯ ಡಬ್ಬ ಮಾತ್ರ ಕಳಿಸಲಿಲ್ಲ. ಅದರಲ್ಲಿ ಯಾರ ಮನೆಯವರು ಮೆಣಸಿನಕಾಯಿ ತುಂಬಿಟ್ಟರು ಎಂಬುದೂ ನನಗೆ ಗೊತ್ತು. ಆ ಕೋಣೆಯಲ್ಲಿ ಕೂತು ಪಾಠ ಕೇಳಿದ ಹುಡುಗಿಯರಲ್ಲಿ ಇಬ್ಬರಿಗೆ ಅದೇ ಬೇಸಗೆಯಲ್ಲಿ ಪ್ರಸ್ಥ ಮಾಡಿ ಕಳಿಸಿದರು. ಇನ್ನು ಮುಚ್ಚಿಡುವ ಧೈರ್ಯ ಯಾವ ತಾಯಿಗೂ ಉಳಿದಿರಲಿಲ್ಲ.

ಸೇವಿಕಮ್ಮ ಆಮೇಲೂ ಹಿತ್ತಲ ಬಾಗಿಲಿನಿಂದ ಬಂದು ಅಕ್ಕನನ್ನು ನೋಡುತ್ತಿದ್ದರು. ಕಬ್ಬಿಣದ ಮಾತ್ರೆ ಕೊಡುತ್ತಿದ್ದರು. ಕಾಲು ಬಾತಿದೆ, ಶಿಕಾರಿಪುರದ ಆಸ್ಪತ್ರೆಗೆ ಈಗಲೇ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ ಎಂದು ಅಪ್ಪನ ಕಾಲು ಹಿಡಿಯುವುದೊಂದು ಬಾಕಿ. "ಈ ಹೊಟ್ಟಿ ಹೊತ್ಕೊಂಡು ಪ್ಯಾಟ್ಯಾಗ ಮೆರವಣಿಗಿ ಮಾಡ್ಸು ಅಂತೀರೇನು?" ಎಂದ ಅಪ್ಪ. ಸೇವಿಕಮ್ಮನಿಗೆ ವರ್ಗವಾಯಿತು. ಹೋಗುವ ದಿನ ಬಂದು ಅಕ್ಕನ ತಲೆ ಬಾಚಿ ಜಡೆ ಹಾಕಿ ಹೋದರು. ಆಮೇಲೆ ಅವರನ್ನು ನಾವು ಕಾಣಲಿಲ್ಲ.

ಅಕ್ಕ ಮನೆಯ ಹೊರಗೆ ಬರುವುದನ್ನು ನಿಲ್ಲಿಸಿದಳು. ಓಣಿಯಲ್ಲಿ ಯಾರಾದರೂ ಅವಳ ಬಗ್ಗೆ ಆಡಿದರೆ ನಾನು ಕಲ್ಲು ಬೀರಿ ಓಡಿಬರುತ್ತಿದ್ದೆ. ಒಮ್ಮೆ ಅವಳು ನನ್ನನ್ನು ಕರೆದು, "ಅವರು ನನ್ನ ಮ್ಯಾಲೆ ಅಪವಾದ ಹೊರಿಸ್ಯಾರಲ್ಲ, ನೀನೂ ಹಂಗ ಅನ್ಕೊಂಡೀಯೇನು?" ಎಂದು ಕೇಳಿದಳು. ನಾನು ಇಲ್ಲ ಎಂದು ಕಿರುಚಿದೆ. "ಹಂಗಾರ ಸಾಕು ಬಿಡು" ಎಂದು ನನ್ನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಒಳಗಿನ ಕೂಸು ಒದ್ದದ್ದು ನನ್ನ ಕಿವಿಗೆ ತಗುಲಿತು. ಇಬ್ಬರೂ ಹೆದರಿದೆವು, ಆಮೇಲೆ ಇಬ್ಬರೂ ನಕ್ಕೆವು. ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಕೊನೆ.

ನೋವು ಎಣಿಸಿದ್ದಕ್ಕಿಂತ ಮೊದಲೇ ಬಂತು. ಸೂಲಗಿತ್ತಿ ಒಂದು ಹಗಲು ಪ್ರಯತ್ನ ಮಾಡಿ, ಮರುದಿನ ಬೆಳಿಗ್ಗೆ ಹೊರಗೆ ಬಂದು, "ದಾರಿ ಬಿಡವಲ್ಲದು, ಆಸ್ಪತ್ರಿಗೆ ಒಯ್ರಿ" ಎಂದಳು. ಅಪ್ಪ ಆಗ ಆಳನ್ನು ಕರೆದು ಗಾಡಿ ಹೂಡಿಸಿದ. ಅಕ್ಕನಿಗೆ ಒರಗಲು ಆಸರೆ ಬೇಕೆಂದು ಅವ್ವ ನನ್ನನ್ನೂ ಹತ್ತಿಸಿಕೊಂಡಳು. ಶಿಕಾರಿಪುರ ಮುಟ್ಟುವಾಗ ಮಧ್ಯಾಹ್ನ. ಆಸ್ಪತ್ರೆಯವರು ಓಡಿಬಂದು ಎತ್ತಿಕೊಂಡರು. ಅವರಿಂದ ಆಗುವುದನ್ನು ಮಾಡಿದರು. ಕೂಸು ಅಳಲಿಲ್ಲ. ಅಕ್ಕ ಮರುದಿನ ಸೂರ್ಯ ಹುಟ್ಟುವವರೆಗೆ ಇದ್ದಳು.

ಅಕ್ಕನ ನೋವಿನ ಸುದ್ದಿಯನ್ನು ಬಸ್ಸಿನವರು ಸೊರಬಕ್ಕೆ ಮುಟ್ಟಿಸಿದ್ದರು. ಆಗ ಭಾವ ತನ್ನ ಅಪ್ಪನ ಮುಂದೆ ಕುಸಿದು ನಿಜ ಹೇಳಿದನಂತೆ. ಅವರು ಅಕ್ಕಿ ಗಿರಣಿಯ ಲಾರಿ ಮಾಡಿಕೊಂಡು ಬಂದು ಇಳಿಯುವಾಗ ಅಕ್ಕನ ಮುಖಕ್ಕೆ ಬಟ್ಟೆ ಎಳೆದಾಗಿತ್ತು. ಭಾವ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಹುಡುಗನ ಹಾಗೆ ಅತ್ತ. ಅತ್ತೆ ನೇರ ಅವ್ವನ ಹತ್ತಿರ ಬಂದು, ಎದೆ ಬಡಿದುಕೊಂಡು, "ಯಾಕೆ ಹೇಳ್ಲಿಲ್ಲ ಬೀಗ್ತಿ? ದೊಡ್ಡೋಳಾಗಿದಾಳೆ ಅಂತ ಒಂದು ಮಾತು ಹೇಳಿದ್ರೆ ಮಗನ್ನ ನಾನು ಆ ಕಡೆ ಹಾಯಾಕೆ ಬಿಡ್ತಿದ್ನಾ? ಕೂಸು ಅಂತ ಬಿಟ್ಟಿದ್ನಲ್ಲೇ! ಇನ್ನೆರಡು ವರ್ಷ ಇರ್ಲಿ ಅಂತ ಕೇಳಿದ್ರೆ ಬಿಡ್ತಿದ್ವಿ. ನಾವೇನು ರಾಕ್ಷಸ್ರಾ?" ಎಂದರು.

ಕೇಳಿದ್ದರೆ ಬಿಡುತ್ತಿದ್ದರೇ? ಅರವತ್ತು ವರ್ಷಕ್ಕೂ ಮೇಲೆ ನಾನು ಈ ಪ್ರಶ್ನೆಯನ್ನು ಹೊತ್ತು ತಿರುಗಿದ್ದೇನೆ. ಬಿಡುತ್ತಿರಲಿಲ್ಲ ಎಂದು ಒಂದು ದಿನ ಅನ್ನಿಸುತ್ತದೆ. ಬಿಡುತ್ತಿದ್ದರೇನೋ ಎಂದು ಇನ್ನೊಂದು ದಿನ ಅನ್ನಿಸುತ್ತದೆ, ಆ ದಿನ ನನಗೆ ಊಟ ಸೇರುವುದಿಲ್ಲ. ಅಕ್ಕ ಹೋದ ಎರಡು ವರ್ಷದ ಮೇಲೆ ನಾನು ದೊಡ್ಡವಳಾದಾಗ ಅವ್ವ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ, ಹಿತ್ತಾಳೆ ತಟ್ಟೆ ಬಡಿದು, ಓಣಿಗೆಲ್ಲ ಕೇಳುವಂತೆ ಹೇಳಿದಳು. ಹೇಳಿ, ವರ್ಷಗಳಿಂದ ನೆಟ್ಟಗೆ ಮಾತಾಡದ ಅಪ್ಪನ ಎದುರು ನಿಂತು, "ದೊಡ್ಡಾಕಿ ಆಗ್ಯಾಳ. ಇಪ್ಪತ್ತಾಗೋತನಾ ಈ ಮನ್ಯಾಗ ಲಗ್ನದ ಮಾತು ಎತ್ತಿದ್ರ ಬಾವಿ ನೋಡ್ಕೊಂತೀನಿ" ಎಂದಳು. ಅಪ್ಪ ಎತ್ತಲಿಲ್ಲ. ಅಕ್ಕ ಕೊಟ್ಟ ಬೆಲೆಗೆ ನಾನು ಬೆಳೆದೆ, ಓದಿದೆ, ನಾಲ್ಕು ಅಕ್ಷರ ಬರೆಯುವಂತಾದೆ. ಅದಕ್ಕೆ ಸಂತೋಷಪಡು ಎಂದು ಯಾರಾದರೂ ಹೇಳಿದರೆ ಅವರ ಮುಖ ನೋಡಲು ನನಗೆ ಮನಸ್ಸಾಗುವುದಿಲ್ಲ.

ಅವತ್ತು ಆಸ್ಪತ್ರೆಯಲ್ಲಿ ಅತ್ತೆಯ ಮಾತು ಮುಗಿಯುವವರೆಗೆ ಅವ್ವ ನೆಲ ನೋಡುತ್ತ ಕೂತಿದ್ದಳು. ಆಮೇಲೆ ಎದ್ದು, ಕೂದಲು ಹಿಂದಕ್ಕೆ ಕಟ್ಟಿಕೊಂಡು, ಮೆಲ್ಲಗೆ ಕೇಳಿದಳು: "ಕೇಳಿದ್ರ ಬಿಡ್ತಿದ್ರೇನು ಬೀಗ್ತಿ? ಹಂಗಾರ ಈಗ ಕೇಳ್ತೀನಿ. ಬಿಟ್ಟು ಹೋಗ್ರಿ. ನಮ್ಮ ಹೊಲದಾಗ ಇಟ್ಕೊಂತೀವಿ."

ಅತ್ತೆ ಗಂಡನ ಕಡೆ ನೋಡಿದರು. ಮಾವ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. "ಅದೆಂಗಾಗ್ತದೆ ಬೀಗ್ತಿ? ನಮ್ಮ ಹುಡುಗ ಒಪ್ಕಂಡಿದಾನೆ. ಅವಳು ನಮ್ಮನೆ ಮುತ್ತೈದೆ. ನಮ್ಮ ಮಣ್ಣಿಗೇ ಬರ್ಬೇಕು" ಎಂದರು.

ಅವ್ವ ಅಪ್ಪನ ಕಡೆ ತಿರುಗಿದಳು. ಇಷ್ಟು ತಿಂಗಳಾದ ಮೇಲೆ ಅಪ್ಪ ಅವಳ ಜೊತೆ ಮಾತಾಡಿದ. "ಕಳ್ಸು" ಎಂದ. "ಅವರೇ ಬಂದು ಕರ್ಕೊಂಡು ಹೋದ್ರು ಅಂತ ಊರು ನೋಡ್ಲಿ. ಮಗಳ ಮಾನ ಅಷ್ಟಾದ್ರೂ ಉಳೀಲಿ." ಅವನಿಗೆ ಮಗಳ ಮೇಲೆ ಪ್ರೀತಿ ಇರಲಿಲ್ಲ ಎಂದು ನಾನು ಹೇಳಲಾರೆ.

ಆಸ್ಪತ್ರೆಯ ಆಯಾ ಎಲ್ಲಿಂದಲೋ ಒಂದು ಹಿಡಿ ಅಕ್ಕಿ, ಅರಿಶಿನದ ಕೊಂಬು, ಕುಪ್ಪಸದ ತುಂಡು ತಂದುಕೊಟ್ಟಳು. ಗಂಡನ ಮನೆಗೆ ಹೋಗುವ ಮಗಳಿಗೆ ತುಂಬುವ ಹಾಗೆ ಅವ್ವ ಅಕ್ಕನಿಗೆ ಉಡಿ ತುಂಬಿದಳು. ಅಕ್ಕಿ ನಿಲ್ಲದೆ ಜಾರಿ ಜಾರಿ ಬೀಳುತ್ತಿತ್ತು, ಅವ್ವ ಮತ್ತೆ ಮತ್ತೆ ಬಳಿದು ಹಾಕುತ್ತಿದ್ದಳು. ಕೂಸನ್ನು ಅಕ್ಕನ ಮಗ್ಗುಲಲ್ಲೇ ಮಲಗಿಸಿದರು. ನಾಲ್ವರು ಎತ್ತಿ ಲಾರಿಗೆ ಇಟ್ಟರು. ಅಪ್ಪ ಹತ್ತಿದ. ಅವ್ವನೂ ಹತ್ತಲು ಹೋದಾಗ, "ನೀ ಬ್ಯಾಡ, ಮನ್ಯಾಗ ಮುದುಕಿ ಒಬ್ಬಾಕಿನ ಐತಿ" ಎಂದು ಅಪ್ಪ ತಡೆದ.

ಲಾರಿ ಹೊರಟಾಗ ಅವ್ವ ಅಳುತ್ತಿರಲಿಲ್ಲ. ಮಗಳನ್ನು ಕಳಿಸುವ ತಾಯಂದಿರೆಲ್ಲ ಹೇಳುವ ಮಾತೇ ಅವಳ ಬಾಯಿಗೂ ಬಂತು. "ಹೋಗಿ ಬಾರವ್ವಾ" ಎಂದಳು. ಆಡಿದ ಮೇಲೆ ಅವಳಿಗೆ ಅದು ಕೇಳಿಸಿತು. ರಸ್ತೆಯಲ್ಲೇ ಕೂತುಬಿಟ್ಟಳು. ನಾನೂ ಗಾಡಿ ಹೊಡೆಯುವವನೂ ಸೇರಿ ಅವಳನ್ನು ಎಬ್ಬಿಸಿ ಗಾಡಿಗೆ ಹತ್ತಿಸಿ ಊರಿಗೆ ಕರೆತಂದೆವು.